ಹೂಂ ಅನ್ನದ ಜಾಗ

ಹಳೇಕಟ್ಟೆ, ಅಜ್ಜಂಪುರ ತಾಲ್ಲೂಕು
೯ ಸೆಪ್ಟೆಂಬರ್ ೨೦೨೪

ಪ್ರಿಯ ಧನಪಾಲ,

ಗಿರಿಯಪ್ಪನಾಯಕನ ಕಥೆಯನ್ನು ಮೊದಲು ಹೇಳಿದವನು ನಮ್ಮ ಮುತ್ತಜ್ಜ ಚನ್ನಬಸಪ್ಪ. ಹೇಳಿದ್ದು ಪ್ಲೇಗು ಬಂದ ವರ್ಷ, ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ. ರಾಗಿ ಬಡಿದು ಮುಗಿದ ಕಣದಲ್ಲಿ, ಇನ್ನೂ ಬಿಸಿಲಿರುವಾಗಲೇ, ಅಳುವ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಶುರು ಮಾಡಿದನಂತೆ. ಎದುರಿಗೆ ಕೂತು ಹೂಂಗುಟ್ಟಿದವನು ನಿಮ್ಮ ಮುತ್ತಜ್ಜ ದೊಡ್ಡಕರಿಯ. ಅಲ್ಲಿಂದ ಇಲ್ಲಿಯವರೆಗೆ ಹೇಳುವುದು ನಮ್ಮ ಮನೆ, ಹೂಂ ಅನ್ನುವುದು ನಿಮ್ಮ ಮನೆ.

ಗೊತ್ತಿರುವುದನ್ನೇ ಬರೆಯುತ್ತಿದ್ದಾನೆ ಎಂದು ನಗಬೇಡ. ಮೊನ್ನೆ ಸಿನಿಮಾದವರ ಕಡೆಯಿಂದ ಸುಮನಾ ಎಂಬ ಹುಡುಗಿ ಬಂದಿದ್ದಳು. ಚಿತ್ರಕಥೆ ಬರೆಯುವವಳು. ಕಥೆ ಮೊದಲು ಹೇಳಿದ್ದು ಯಾರು, ಯಾವಾಗ ಎಂದು ಕೇಳಿದಳು. ಇದೇ ಮಾತಿನಲ್ಲಿ ಹೇಳಿದೆ.

"ಹೂಂ ಅನ್ನೋಕೂ ಒಂದು ಮನೆನಾ ಅಂಕಲ್?" ಅಂದಳು.

"ಹೂಂ ಅನ್ನೋರಿಲ್ದೆ ಕಥೆ ಹೆಂಗಮ್ಮ ಮುಂದಕ್ಕೆ ಹೋಗ್ತದೆ? ಒಂದೊಂದು ಹೂಂಗೆ ಒಂದೊಂದು ಹೆಜ್ಜೆ. ಹೂಂ ನಿಂತ್ರೆ ನಾವೂ ನಿಂತ್ಕೋಬೇಕು" ಅಂದೆ. ಅದನ್ನೂ ಬರೆದುಕೊಂಡಳು.

ಸಿನಿಮಾದ ಹೆಸರು 'ಗಿರಿಯಪ್ಪನಾಯಕ' ಎಂದೇ ಅಂತೆ. ಇಲ್ಲಿ ಊರೂರೇ ಎದ್ದು ಕೂತಿದೆ. ನಾಯಕ ಹುಟ್ಟಿದ್ದು ನಮ್ಮಲ್ಲಿ ಎಂದು ಅಜ್ಜಂಪುರದವರು, ಬೆಳೆದದ್ದು ನಮ್ಮಲ್ಲಿ ಎಂದು ತರೀಕೆರೆಯವರು. ಕಡೂರಿನವರಿಗೆ ಏನೂ ಸಿಗದೆ, ಅವನು ಎತ್ತು ಕೊಂಡದ್ದು ನಮ್ಮ ಸಂತೆಯಲ್ಲೇ ಎಂದು ಹಿಡಿದುಕೊಂಡಿದ್ದಾರೆ. ಕಣದಿಂದ ಒಂದು ಕಾಳನ್ನೂ ಕಂದಾಯಕ್ಕೆ ಎತ್ತಕೂಡದು ಎಂದು ಅಮಲ್ದಾರನ ಎದುರು ನಿಂತವನು ಇವತ್ತು ಬಂದು ನೋಡಿದ್ದರೆ, ಮೂರು ತಾಲ್ಲೂಕಿಗೂ ಕೈ ಮುಗಿದು ಗುಡ್ಡ ಹತ್ತುತ್ತಿದ್ದ.

ನಾನು ಫೋನು ಬಿಟ್ಟು ಕಾಗದ ಹಿಡಿದದ್ದು ಯಾಕೆ ಎಂದರೆ, ಊರಿನ ವಾಟ್ಸಾಪ್ ಗುಂಪಿನಲ್ಲಿ "ನಾಯಕನಿಗೆ ಕುದುರೆ ಎಲ್ಲಿತ್ತಪ್ಪ, ಎತ್ತಿನ ಮೇಲೆ ಓಡಾಡ್ತಿದ್ದ" ಎಂದು ಒಂದು ವಾಯ್ಸ್ ಮೆಸೇಜ್ ಹಾಕಿದೆ. ಸಂಜೆಯೊಳಗೆ ಅದು ಲಕ್ಕವಳ್ಳಿ ಡ್ಯಾಮಿನವರೆಗೂ ಹೋಗಿತ್ತು. ಯಾರೋ ಗೊತ್ತಿಲ್ಲದವನು ಫೋನು ಮಾಡಿ, "ನಾಯಕರ ಕುದುರೆ ಕಿತ್ಕೊಂಡೋನು ನೀನೇ ಏನೋ?" ಅಂದ. ಅವತ್ತಿನಿಂದ ಮಾತೆಲ್ಲ ಕಾಗದದಲ್ಲೇ.

ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ರಾಗಿ ಮುಗಿದ ಮೇಲೆ, ಕಣದಲ್ಲಿ ಕಥೆ ಹೇಳುವುದನ್ನು ಅವರು ಚಿತ್ರೀಕರಿಸುತ್ತಾರೆ. ಸಿನಿಮಾ ಶುರುವಾಗುವುದೇ ಅದರಿಂದ. ನೀನು ಬರಬೇಕು. ನಿಮ್ಮಪ್ಪ ಕರಿಯಣ್ಣ ತೀರಿಕೊಂಡ ಮೇಲೆ ಒಂದು ವರ್ಷ ಬಂದು ಕೂತೆ. ಆಮೇಲೆ ಬರಲಿಲ್ಲ. ನಿನ್ನ ಜಾಗದಲ್ಲಿ ನನ್ನ ಮಗ ಚಂದ್ರಶೇಖರನನ್ನು ಕೂರಿಸಿಕೊಳ್ಳುತ್ತಿದ್ದೇನೆ. ಅವನು ಮೊಬೈಲು ನೋಡುತ್ತಾ ಹೂಂ ಅನ್ನುತ್ತಾನೆ. ಯಾಕೆ ಬರಲಿಲ್ಲ ಎಂದು ಆಗಲೇ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ಅವ್ವ ಹನುಮಂತಮ್ಮನವರಿಗೆ ನಮಸ್ಕಾರ ತಿಳಿಸು.

ನಿನ್ನ,
ರುದ್ರ


ಬೀರೂರು
೨೨ ಸೆಪ್ಟೆಂಬರ್ ೨೦೨೪

ಶ್ರೀ ರುದ್ರಮೂರ್ತಿಯವರಿಗೆ ಧನಪಾಲನ ವಂದನೆಗಳು.

ತಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲರೂ ಆರೋಗ್ಯ. ಅವ್ವನಿಗೆ ಕಣ್ಣು ಮಂಜಾಗಿದೆ, ಮಾತು ಮಂಜಾಗಿಲ್ಲ.

ಸಿನಿಮಾದ ಗಲಾಟೆ ಬೀರೂರಿನಲ್ಲೂ ಕಡಿಮೆ ಇಲ್ಲ. ರಿಟೈರಾದ ಮೇಲೂ ಬೆಳಿಗ್ಗೆ ಸ್ಟೇಷನ್ನಿನ ಕಡೆ ಒಂದು ಸುತ್ತು ಹೋಗಿ ಬರುವ ಅಭ್ಯಾಸ ನನಗೆ. ಟೀ ಅಂಗಡಿಯಲ್ಲಿ ಪೋರ್ಟರುಗಳು ಎರಡು ಪಂಗಡವಾಗಿದ್ದಾರೆ. ನಾಯಕನ ಪಾತ್ರದ ನಟನಿಗೆ ಮೀಸೆ ಸಾಲದು ಎಂದು ಒಂದು ಪಂಗಡ, ಮೀಸೆ ಅಂಟಿಸಬಹುದು, ಎದೆ ಅಂಟಿಸೋಕಾಗುತ್ತಾ ಎಂದು ಇನ್ನೊಂದು. ಶಿವಮೊಗ್ಗದ ಗಾಡಿ ಬಂದರೂ ಯಾರೂ ಏಳುವುದಿಲ್ಲ.

ಟೀಸರನ್ನು ಮಗಳು ಧನುಶ್ರೀ ತನ್ನ ಫೋನಿನಲ್ಲಿ ತೋರಿಸಿದಳು. ಅದರಲ್ಲಿ ಅಮಲ್ದಾರ ಒಂದು ದುಡ್ಡಿನ ಚೀಲವನ್ನು ತಮಟೆಯ ಲಕ್ಕನ ಕೈಗೆ ಹಾಕುತ್ತಾನೆ. ಲಕ್ಕ ನಗುತ್ತಾನೆ. ಹಲ್ಲು ಕರ್ರಗಿವೆ.

ನನ್ನ ಮಗಳು ಕಡೂರಿನಲ್ಲಿ ಹೈಸ್ಕೂಲು ಟೀಚರು ಎಂಬುದು ತಮಗೆ ಗೊತ್ತಿದೆ. ಮೊನ್ನೆ ಒಂದು ಮಗು ತರಗತಿಯಲ್ಲಿ ಎದ್ದು ನಿಂತು, "ಮಿಸ್, ಲಕ್ಕ ನಿಮ್ಮ ಮನೆಯೋನಂತೆ, ಹೌದಾ?" ಎಂದು ಕೇಳಿತಂತೆ. ಕೆಟ್ಟ ಮನಸ್ಸಿನಿಂದಲ್ಲ, ಮಕ್ಕಳು ಕೇಳುವ ಹಾಗೆ. ಇವಳು "ಹೌದು" ಅಂದಳಂತೆ. ಆಮೇಲೆ ಪಾಠ ಮುಂದುವರಿಸಿದಳಂತೆ. ಮನೆಗೆ ಬಂದು ಊಟ ಮಾಡಲಿಲ್ಲ.

ಜನವರಿಗೆ ಬರಲಾಗುವುದಿಲ್ಲ. ಮಂಡಿ ನೋವು. ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಹೇಳಿದ್ದಾರೆ.

ಇಂತಿ,
ಕೆ. ಧನಪಾಲ್


ಹಳೇಕಟ್ಟೆ
೩ ಅಕ್ಟೋಬರ್ ೨೦೨೪

ಧನಪಾಲ,

ನನ್ನ ಹೆಸರಿಗೆ ಶ್ರೀ ಹಾಕುವವರು ಬ್ಯಾಂಕಿನವರೊಬ್ಬರೇ ಎಂದುಕೊಂಡಿದ್ದೆ. ನೀನೂ ಹಾಕಿದೆಯಾ? ಒಂದೇ ಎಮ್ಮೆಯ ಮೇಲೆ ಕೂತು ಕೆರೆಗೆ ಬಿದ್ದವರು ನಾವು. ಅವತ್ತು "ಶ್ರೀ ರುದ್ರಮೂರ್ತಿಯವರೇ, ಈಜಿ" ಎಂದು ಕೂಗಿದ್ದೆಯೇನೋ?

ಮಂಡಿ ನೋವಾದರೆ ಕುರ್ಚಿ ಹಾಕಿಸುತ್ತೇನೆ. ನೀನು ಕುರ್ಚಿಯ ಮೇಲೆ, ನಾನು ನೆಲದ ಮೇಲೆ. ಕಣ ಅಂತ ಉಳಿದಿರುವುದೇ ಕಥೆಗೋಸ್ಕರ. ರಾಗಿಯನ್ನು ಎಲ್ಲರೂ ಟಾರು ರಸ್ತೆಗೆ ಹರಡುತ್ತಾರೆ, ಶಿವನಿ ಬಸ್ಸೇ ತುಳಿದುಕೊಂಡು ಹೋಗುತ್ತದೆ.

ಚೀಲದ ವಿಷಯಕ್ಕೆ ನನಗೂ ಸಿಟ್ಟು ಬಂತು. ನಮ್ಮ ಕಥೆಯಲ್ಲಿ ದುಡ್ಡಿಲ್ಲ. ಲಕ್ಕನಿಗೆ ಗುಡ್ಡದ ಮೇಲೆ ಕಾವಲು, ಸಿಪಾಯಿಗಳು ಕಂಡರೆ ತಮಟೆ ಬಾರಿಸಬೇಕು, ಊರು ಎದ್ದು ಬರಬೇಕು, ಅಷ್ಟೇ. ಸುಮನಾಗೆ ಅದನ್ನೇ ಬರೆದಿದ್ದೇನೆ. "ಲಕ್ಕ ಹೆದರಿದ್ದ, ಮಾರಿಕೊಂಡಿರಲಿಲ್ಲ. ಹೆದರಿಕೆ ಯಾರಿಗಿಲ್ಲ?" ಎಂದೆ.

ಆ ಹುಡುಗಿ ಒಳ್ಳೆಯವಳು ಕಣೋ. ನಿಮ್ಮಪ್ಪನ ವಿಷಯ ಹೇಳಿದಾಗ ಅವಳ ಕಣ್ಣು ತುಂಬಿತು. "ಊರ ಬಾಗಿಲೆಲ್ಲ ಹಾಕಿದ್ದವು, ಲಕ್ಕನ ತಮಟೆ ಸದ್ದಾಗಲಿಲ್ಲ, ನಾಯಕ ಒಂಟಿಯಾದ" ಎಂದು ನಾನು ಹೇಳಿ ನಿಲ್ಲುತ್ತಿದ್ದೆ. ಅಲ್ಲಿಯತನಕ ಗಂಟೆ ಹೊಡೆದ ಹಾಗೆ ಹೂಂ ಅನ್ನುತ್ತಿದ್ದ ಕರಿಯಣ್ಣ ಆ ಒಂದು ಜಾಗದಲ್ಲಿ ಹೂಂ ಅನ್ನುತ್ತಿರಲಿಲ್ಲ. ಕಣವೆಲ್ಲ ನಿಶ್ಶಬ್ದ. ತನ್ನ ಹಿರಿಯನ ತಪ್ಪಿಗೆ ಇವನು ಇನ್ನೂ ನಾಚುತ್ತಿದ್ದಾನಲ್ಲ ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ನಾನೇ ಮೆಲ್ಲಗೆ ಮುಂದಕ್ಕೆ ಹೋಗುತ್ತಿದ್ದೆ. ಇದನ್ನು ಕೇಳಿ ಸುಮನಾ, "ಅಂಕಲ್, ಇಡೀ ಸಿನಿಮಾದಲ್ಲಿ ನನಗೆ ಬೇಕಾಗಿರೋದೇ ಆ ಮೌನ" ಅಂದಳು.

ಅದಕ್ಕೇ ನೀನು ಬರಬೇಕು ಅನ್ನುವುದು. ನಿಮ್ಮಪ್ಪನ ನಾಚಿಕೆಯ ಮುಂದೆ ಆ ಚೀಲ, ಆ ಕರೀ ಹಲ್ಲು, ಯಾವುದೂ ನಿಲ್ಲುವುದಿಲ್ಲ. ನೋಡಿದವರು ಲಕ್ಕನನ್ನು ಮನ್ನಿಸುತ್ತಾರೆ.

ನಿನ್ನ,
ರುದ್ರ (ಶ್ರೀ ಇಲ್ಲ)


ಬೀರೂರು
೨೦ ಅಕ್ಟೋಬರ್ ೨೦೨೪

ರುದ್ರ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ನಾಚಿಕೆ ಎಂಬಲ್ಲಿಗೆ ಬಂದಾಗ, "ಇನ್ನೊಂದ್ಸಲ ಓದು" ಅಂದಳು. ಓದಿದೆ. "ಪಾಪ, ಆ ಹುಡ್ಗುಂಗೆ ಗೊತ್ತೇ ಇಲ್ಲ" ಅಂದಳು. ನೀನು ಅವಳಿಗೆ ಇನ್ನೂ ಹುಡುಗ.

ನಿನಗೆ ಗೊತ್ತಿಲ್ಲ ಎಂಬುದು ನನಗೂ ಹೊಳೆದಿರಲಿಲ್ಲ. ಗೊತ್ತಿದ್ದೂ ನಡೆಸಿಕೊಂಡು ಬಂದಿದ್ದೀಯ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆದ್ದರಿಂದ ಬರೆಯುತ್ತೇನೆ.

ಅಪ್ಪ ನಾಚುತ್ತಿರಲಿಲ್ಲ. ಅವನು ಆ ಹೊತ್ತಿನಲ್ಲಿ ತಲೆ ತಗ್ಗಿಸಿದ್ದನ್ನು ನೀನು ನೋಡಿದ್ದೀಯಾ? ನೆನಪು ಮಾಡಿಕೊ. ಮೊದಲು ನಿಮ್ಮಪ್ಪನ, ಆಮೇಲೆ ನಿನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಿದ್ದ.

ಹೂಂ ಅಂದರೆ ಒಪ್ಪಿದ ಹಾಗೆ. ನಮ್ಮ ಮನೆಯಲ್ಲಿ ಕಥೆ ಕೇಳಲು ಕೂರಿಸುವ ಮೊದಲು ಮಗನಿಗೆ ಹೇಳಿಕೊಡುವುದು ಒಂದೇ ಮಾತು. ದೊಡ್ಡಕರಿಯ ನಮ್ಮ ಅಜ್ಜನಿಗೆ ಹೇಳಿದ, ಅಜ್ಜ ಅಪ್ಪನಿಗೆ ಹೇಳಿದ, ಅಪ್ಪ ನನಗೆ ಹೇಳಿದ: "ಎಲ್ಲಾ ಕಡೆ ಹೂಂ ಅನ್ನು. ತಮಟೆ ಸದ್ದಾಗ್ಲಿಲ್ಲ ಅಂದಾಗ ಮಾತ್ರ ಬಾಯಿ ಬಿಡಬ್ಯಾಡ. ಅದು ಸುಳ್ಳು."

ಲಕ್ಕ ಬಾರಿಸಿದ, ರುದ್ರ. ಊರು ಕೇಳಿಸಿಕೊಂಡಿತು. ಯಾರೂ ಬರಲಿಲ್ಲ.

ಪ್ಲೇಗಿನ ವರ್ಷ ನಿಮ್ಮ ಮುತ್ತಜ್ಜ ಅದನ್ನು ತಿರುಗಿಸಿ ಹೇಳಿದಾಗ ಎದುರಿಗೆ ಕೂತಿದ್ದ ದೊಡ್ಡಕರಿಯ ಲಕ್ಕನ ಸ್ವಂತ ಮೊಮ್ಮಗ. ಆಗಿನ ಕಾಲದಲ್ಲಿ ಎದ್ದು ನಿಂತು ಸುಳ್ಳು ಅನ್ನಲು ಆಗುತ್ತಿತ್ತೇ? ಅವನ ಕೈಯಲ್ಲಿದ್ದದ್ದು ಹೂಂ ಒಂದೇ. ಅದನ್ನು ಕೊಡಲಿಲ್ಲ. ಅವತ್ತಿನಿಂದ ನಾವು ಕೊಟ್ಟಿಲ್ಲ. ನೀವು ಅದನ್ನು ನಾಚಿಕೆ ಎಂದುಕೊಂಡಿರಿ.

ಅಪ್ಪ ಹೋದ ಮೇಲೆ ನಾನು ಬಂದು ಕೂತ ವರ್ಷ ನಿನಗೆ ನೆನಪಿದೆಯೋ ಇಲ್ಲವೋ. ಆ ಜಾಗದಲ್ಲಿ ನಾನೂ ಸುಮ್ಮನಾದೆ. ಅಪ್ಪನ ಹಾಗೆ ನಿನ್ನನ್ನೇ ನೋಡಿದೆ. ನೀನು ಕಥೆ ನಿಲ್ಲಿಸಿ, ಮುಂದಕ್ಕೆ ಬಗ್ಗಿ, ನನ್ನ ಬೆನ್ನು ಸವರಿದೆ. "ಹೋಗ್ಲಿ ಬಿಡೋ, ಹಳೇದು" ಅಂದೆ. ಊರೆಲ್ಲ ನೋಡುತ್ತಿತ್ತು. ನಿನ್ನ ಕೈ ಬೆಚ್ಚಗಿತ್ತು. ಅದೇ ಕಷ್ಟವಾಯಿತು. ಬೈದಿದ್ದರೆ ಮುಂದಿನ ವರ್ಷವೂ ಬರುತ್ತಿದ್ದೆ.

ಮಂಡಿ ನೋವು ಇರುವುದು ನಿಜ.

ಧನಪಾಲ


ಹಳೇಕಟ್ಟೆ
೧ ಡಿಸೆಂಬರ್ ೨೦೨೪

ಧನಪಾಲ,

ದೀಪಾವಳಿಗೆ ಬರೆಯಬೇಕಿತ್ತು. ಬೆನ್ನು ಸವರಿದ ವಿಷಯಕ್ಕೇ ಎರಡು ಹಾಳೆ ಬರೆದೆ, ಹರಿದೆ. ಮತ್ತೆ ಬರೆದೆ. ಅದನ್ನೂ ಹರಿದೆ. ಈಗ ಅದನ್ನು ಬಿಟ್ಟು ಉಳಿದದ್ದು ಬರೆಯುತ್ತೇನೆ.

ಮೊದಲು ಸಿಟ್ಟು ಬಂತು ಎಂದು ಮುಚ್ಚಿಡುವುದಿಲ್ಲ. ನಮ್ಮ ಮುತ್ತಜ್ಜ ಸುಳ್ಳು ಹೇಳಿದನೇ ಎಂದು. ಈರುಳ್ಳಿ ಕೀಳಿಸುವ ಕೆಲಸ ನಡೆದಿತ್ತು. ಬದುವಿನ ಮೇಲೆ ಕೂತು ಕಥೆಯನ್ನು ನನಗೆ ನಾನೇ ಹೇಳಿಕೊಳ್ಳತೊಡಗಿದೆ, ಬಾಯಿಬಿಟ್ಟು, ಮೊದಲಿನಿಂದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಬಂತು: "ಊರ ಬಾಗಿಲೆಲ್ಲ ಹಾಕಿದ್ದವು, ಲಕ್ಕನ ತಮಟೆ ಸದ್ದಾಗಲಿಲ್ಲ." ಅಲ್ಲೇ ನಿಂತುಬಿಟ್ಟೆ. ಹೂಂ ಅನ್ನಲು ಯಾರೂ ಇರಲಿಲ್ಲ, ಹಾಗಾಗಿ ಮುಂದಕ್ಕೆ ಹೋಗುವ ಅವಸರವೂ ಇರಲಿಲ್ಲ.

ಒಕ್ಕಲಾಟದ ಕಾಲ. ನಡು ಮಧ್ಯಾಹ್ನ. ಜನವೆಲ್ಲ ಕಣದಲ್ಲಿರಬೇಕಾದ ಹೊತ್ತು. ಸಿಪಾಯಿಗಳು ಇನ್ನೂ ಗುಡ್ಡದ ಆಚೆಗಿದ್ದಾರೆ. ತಮಟೆ ಸದ್ದಾಗದಿದ್ದರೆ, ಊರಿನ ಬಾಗಿಲುಗಳನ್ನೆಲ್ಲ ಹಾಕಿಕೊಂಡದ್ದು ಯಾಕೆ? ಯಾರು ಬಂದರೆಂದು ಅವರಿಗೆ ಹೇಗೆ ಗೊತ್ತಾಯಿತು?

ಇಷ್ಟು ವರ್ಷ ಇದೇ ಬಾಯಲ್ಲಿ ಹೇಳಿದ್ದೇನೆ ಕಣೋ. ಎರಡು ಮಾತೂ ಪಕ್ಕಪಕ್ಕದಲ್ಲೇ ಇವೆ. ಮುತ್ತಜ್ಜ ಒಂದನ್ನು ತಿರುಗಿಸಿದ, ಇನ್ನೊಂದನ್ನು ತಿರುಗಿಸಲು ಅವನಿಗೆ ಮನಸ್ಸು ಬರಲಿಲ್ಲವೋ, ಮರೆತನೋ.

ದೇವೀರಪ್ಪನವರ ಹತ್ತಿರ ಹೋದೆ. ನಿನಗೆ ಗೊತ್ತಲ್ಲ, ಊರಿಗೆ ಹಿರಿಯರು, ಈಗ ನಾಯಕರ ಪ್ರತಿಮೆ ಸಮಿತಿಗೂ ಅವರೇ ಅಧ್ಯಕ್ಷರು. ಪೂರ್ತಿ ಹೇಳಲೂ ಬಿಡಲಿಲ್ಲ. "ನಮ್ಮೋರು ಬಾಗ್ಲು ಹಾಕ್ಕಂಡು ಕೂತಿದ್ರು ಅಂತೀಯಾ? ನಾಯಕರು ಹೊರಗೆ ಸಾಯ್ತಾ ಇದ್ರೆ? ಲೇ ರುದ್ರ, ಆ ಸಿನಿಮಾದೋರು ನಿನಗೆ ಏನು ಕುಡಿಸವ್ರೋ?" ಎಂದು ಕೋಲು ಕುಟ್ಟಿದರು. "ಆ ಮಾತು ಕಣದಲ್ಲಿ ಬಂದ್ರೆ ನಾನು ಎದ್ದು ಹೋಗ್ತೀನಿ. ನನ್ನ ಹಿಂದೆ ಊರೂ ಏಳ್ತದೆ, ನೋಡ್ತಿರು" ಅಂದರು.

ಆ ಮಾತನ್ನು ನಾನು ಇನ್ನು ಹೇಳಲಾರೆ. ಹಾಗೆಂದು ನಿಜವಾದದ್ದನ್ನು ಹೇಳಲೂ ನನಗೆ ಬರುವುದಿಲ್ಲ, ಅದು ನಿಮ್ಮ ಮನೆಯಲ್ಲಿದೆ. ಆ ಜಾಗ ಬಂದಾಗ ನಾನು ನಿಲ್ಲುತ್ತೇನೆ. ಅಲ್ಲಿಂದ ನೀನು ಹೇಳು. ನಾನು ಹೂಂ ಅನ್ನುತ್ತೇನೆ.

ನೀನು ಬರದಿದ್ದರೆ ಈ ವರ್ಷ ಕಥೆ ಇಲ್ಲ. ಸುಮನಾಗೂ ಬರೆದಿದ್ದೇನೆ.

ರುದ್ರ


ಬೆಂಗಳೂರು
೧೪ ಡಿಸೆಂಬರ್ ೨೦೨೪

ಮಾನ್ಯ ರುದ್ರಮೂರ್ತಿ ಅಂಕಲ್‌ಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಿರ್ದೇಶಕರಿಗೆ ಓದಿ ಹೇಳಿದೆ. ಮೊದಲು ಅವರು ಕೇಳಿದ್ದು, "ಹಾಗಾದ್ರೆ ವಿಲನ್ ಯಾರು?" ಎಂದು. "ಊರು" ಅಂದೆ. "ಊರಿನವರೇ ಟಿಕೆಟ್ ತಗೊಳ್ಳೋದು ಕಣಮ್ಮಾ" ಅಂದರು.

ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ಚೀಲದ ದೃಶ್ಯದ ಚಿತ್ರೀಕರಣ ಮುಗಿದಿದೆ. ಅದನ್ನು ತೆಗೆಸುವುದು ನನ್ನ ಕೈಯಲ್ಲಿಲ್ಲ. ಜಗಳವಾಡುತ್ತಿದ್ದೇನೆ. ಆದರೆ ಕಣದಲ್ಲಿ ಏನು ಹೇಳುತ್ತೀರೋ ಅದನ್ನು ಹಾಗೆಯೇ ಚಿತ್ರೀಕರಿಸುತ್ತೇನೆ. ಜನವರಿ ಹನ್ನೆರಡಕ್ಕೆ ಕ್ಯಾಮೆರಾ ತರುತ್ತೇನೆ.

ಆ ಮೌನ ಬೇಕು ಎಂದು ನಾನು ಕುಣಿದಾಡಿದ್ದು ನೆನಪಾದರೆ ಮೈ ಹಿಡಿಯಾಗುತ್ತದೆ. ಧನಪಾಲ್ ಅವರಿಗೆ ನನ್ನ ಕ್ಷಮೆ ತಿಳಿಸಿ. ಅಥವಾ ಬೇಡ, ನಾನೇ ಕೇಳುತ್ತೇನೆ.

ವಿಶ್ವಾಸಿ,
ಸುಮನಾ


ಬೀರೂರು
೨ ಜನವರಿ ೨೦೨೫

ರುದ್ರ,

ಬರುತ್ತೇನೆ. ತೀರ್ಮಾನ ನನ್ನದಲ್ಲ, ಅವ್ವನದು.

ನಿನ್ನ ಡಿಸೆಂಬರಿನ ಕಾಗದ ಬಂದಾಗಿನಿಂದ ನಾನು ಆಗಲಿ ಎಂದೂ ಅಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ. "ನಾವು ಹೇಳೋ ಮನೆಯೋರಲ್ಲ ಕಣವ್ವ, ನನಗೆ ಬಾಯಿ ಏಳಲ್ಲ" ಅಂದೆ ಅವ್ವನಿಗೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮಪ್ಪ ಪ್ರತಿ ವರ್ಸ ಕಣದಿಂದ ಬಂದು ಏನ್ ಮಾಡ್ತಿದ್ದ ಗೊತ್ತಾ? ಹಿತ್ಲಾಗೆ ಕೂತ್ಕಂಡು ನನಗೆ ಒಬ್ಬಳಿಗೇ ಅದನ್ನ ಪೂರ್ತಿ ಹೇಳ್ತಿದ್ದ. ನಾನು ಹೂಂ ಅಂತಿದ್ದೆ. ಸಾಯೋತಂಕ ನನ್ನೊಬ್ಬಳ ಹೂಂನಾಗೇ ಇದ್ದ ಅವನು. ಇನ್ನೂ ಎಷ್ಟು ದಿನ ಹಿತ್ಲಾಗೇ ಹೇಳ್ಬೇಕು?" ಅಂದಳು.

ಈ ಹಿತ್ತಿಲಿನ ವಿಷಯ ನನಗೇ ಗೊತ್ತಿರಲಿಲ್ಲ ರುದ್ರ. ನನ್ನ ಅಪ್ಪ ಕಥೆ ಹೇಳುತ್ತಿದ್ದನೆಂದು ನನಗೇ ಗೊತ್ತಿರಲಿಲ್ಲ.

ಈಗ ದಿನಾ ಮಧ್ಯಾಹ್ನ ಅವ್ವ ನನಗೆ ಕಲಿಸುತ್ತಿದ್ದಾಳೆ. ತಪ್ಪಿದರೆ ಅವರೆಕಾಯಿಯಲ್ಲಿ ಹೊಡೆಯುತ್ತಾಳೆ. ಧನುಶ್ರೀ ನಗುತ್ತಾಳೆ. ಸೆಪ್ಟೆಂಬರಿನಿಂದ ಅವಳು ನಕ್ಕದ್ದು ನಾನು ನೋಡಿರಲಿಲ್ಲ.

ನಾನು ಹೇಳಿದರೆ ಜನ ಎದ್ದು ಹೋಗಬಹುದು. ಹೋಗಲಿ. ನೀನು ಹೂಂ ಅನ್ನುವುದನ್ನು ಮರೆಯಬೇಡ, ಅಷ್ಟೇ. ಹೂಂ ಬರದಿದ್ದರೆ ಹೇಗಿರುತ್ತದೆ ಎಂಬುದು ನಿನಗೆ ಗೊತ್ತು.

ಕುರ್ಚಿ ಹಾಕಿಸು. ಪ್ಲಾಸ್ಟಿಕ್ಕಿನದು ಬೇಡ, ಜಾರುತ್ತದೆ.

ನಿನ್ನ,
ಧನಪಾಲ


ಹಳೇಕಟ್ಟೆ
೧೩ ಜನವರಿ ೨೦೨೫

ಅವ್ವ ಹನುಮಂತಮ್ಮನವರಿಗೆ ರುದ್ರಮೂರ್ತಿ ಮಾಡುವ ನಮಸ್ಕಾರಗಳು.

ಇದನ್ನು ಧನುಶ್ರೀ ನಿಮಗೆ ಓದಿ ಹೇಳಲಿ. ನಿಮ್ಮ ಮಗ ಇನ್ನೆರಡು ದಿನ ಇಲ್ಲೇ ತನ್ನ ತಮ್ಮ ತಿಮ್ಮೇಶನ ಮನೆಯಲ್ಲಿ ಇರುತ್ತಾನೆ. ಫೋನಿನಲ್ಲಿ ಕೇಳಿದರೆ "ಆಯ್ತು, ಹೇಳ್ದೆ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾನೆ. ಆದ್ದರಿಂದ ನಾನು ಬರೆದು, ಬೀರೂರಿಗೆ ರೈಲು ಹಿಡಿಯಲು ಹೊರಟ ಚಂದ್ರಶೇಖರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಕಣ ತುಂಬಿತ್ತು. ಕ್ಯಾಮೆರಾ ನೋಡಲು ಅಂತರಘಟ್ಟೆಯಿಂದಲೂ ಜನ ಬಂದಿದ್ದರು. ದೇವೀರಪ್ಪನವರು ಬಿಳೀ ಪೇಟ ಸುತ್ತಿಕೊಂಡು ಎದುರು ಸಾಲಿನಲ್ಲಿ ಕೂತಿದ್ದರು. ಸುಮನಾ ಬಂದವಳೇ ಧನಪಾಲನ ಮುಂದೆ ನಿಂತು ಏನೋ ಹೇಳಲು ಹೋದಳು. ಇವನು "ಮೊದ್ಲು ಕೇಳಮ್ಮ, ಆಮೇಲೆ ಮಾತಾಡಾನ" ಅಂದ.

ನಾನು ಶುರು ಮಾಡಿದೆ. ಅವನ ಹೂಂ ಕರಿಯಣ್ಣನದೇ. ಕಣ್ಣು ಮುಚ್ಚಿಕೊಂಡರೆ ಗುರುತು ಸಿಗುವುದಿಲ್ಲ. ಬಾಗಿಲು ಹಾಕಿದ್ದವು ಎಂದೆ. ನಿಂತೆ. ಜನ ಎಂದಿನ ಮೌನಕ್ಕೆ ತಯಾರಾದರು. ಹೆಂಗಸರ ಕೈ ಆಗಲೇ ಸೆರಗಿಗೆ ಹೋ‌ಗಿತ್ತು.

ಧನಪಾಲ ಹೇಳಿದ: "ಲಕ್ಕ ಬಾರಿಸ್ದ."

ನಾನು ಹೂಂ ಅನ್ನಬೇಕು. ಇಡೀ ಜನ್ಮದಲ್ಲಿ ಕಣದಲ್ಲಿ ಕೂತು ಹೂಂ ಅಂದವನಲ್ಲ ಅವ್ವ, ಗಂಟಲಿನಿಂದ ಏನೋ ಒಂದು ಬಂತು, ಹೂಂ ಅಲ್ಲ, ಕೆಮ್ಮಿನ ಹಾಗೆ. ಇವನು ಕಾದ. ಎರಡನೆಯ ಸಲ ಸರಿಯಾಗಿ ಅಂದೆ.

"ಗುಡ್ಡದ ಮ್ಯಾಲಿಂದ ಬಾರಿಸ್ದ. ಕಣದಾಗಿದ್ದೋರು ಮೊರ ಬಿಸಾಕಿ ಮನೆ ಸೇರ್ಕಂಡ್ರು."

"ಹೂಂ."

"ಯಾರೂ ಬರ್ಲಿಲ್ಲ ಅಂತ ಕೆಳಗಿಳಿದು ಬೀದಿಗೆ ಬಂದ. ಅವನು ಕಾಲಿಡಬಾರದ ಬೀದಿಗೂ ಬಂದ. ತಮಟೆ ಚರ್ಮ ಸಡ್ಲ ಆಯ್ತು, ಬೆಂಕಿಗೆ ಕಾಸೋಕೆ ಹೊತ್ತಿಲ್ಲ. ಬಾಗ್ಲ ಮುಂದೆ ನಿಂತು ಹೆಸರಿಡಿದು ಕೂಗ್ದ. ಬುದ್ಧೀ, ಬರ್ರಿ, ನಾಯಕರು ಒಬ್ರೇ ಅವ್ರೆ ಅಂದ. ಒಳಗೆ ಯಾರೋ ಕೆಮ್ಮಿದ್ರು. ಬಾಗ್ಲು ತೆಗೀಲಿಲ್ಲ."

"ಹೂಂ" ಅಂದೆ. ಆಗ ದೇವೀರಪ್ಪನವರು ಎದ್ದರು. ಯಾರನ್ನೂ ನೋಡಲಿಲ್ಲ, ಕೋಲು ಊರಿಕೊಂಡು ನಡೆದರು. ಅವರು ಹೇಳಿದ್ದ ಹಾಗೆಯೇ ಹಿಂದೆ ಜನ ಏಳತೊಡಗಿತು. ಅರ್ಧ ಕಣ ಖಾಲಿಯಾಯಿತು. ಸುಮನಾ ಕ್ಯಾಮೆರಾದವನ ಭುಜ ಹಿಡಿದು ನಿಲ್ಲಿಸಿಕೊಂಡಿದ್ದಳು. ನಿಮ್ಮ ಮಗ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

"ಆಮ್ಯಾಕೆ ಲಕ್ಕ ನಾಯಕನ ಹತ್ರ ಹೋಗಿ ನಿಂತ್ಕಂಡ. ಓಡೋಗೋ ಅಂದ ನಾಯಕ. ಎಲ್ಲಿಗೆ ಹೋಗ್ಲಿ, ಬಾಗ್ಲೆಲ್ಲ ಹಾಕವ್ರೆ ಅಂದ ಲಕ್ಕ. ಇಬ್ರನ್ನೂ ಒಂದೇ ಹಗ್ಗದಾಗೆ ಕಟ್ಟಿ ಕರ್ಕಂಡು ಹೋದ್ರು."

ನಮ್ಮ ಕಥೆಯಲ್ಲಿ ನಾಯಕ ಒಂಟಿಯಾಗಿಯೇ ಹೋಗುತ್ತಿದ್ದ ಅವ್ವ. ಅವನ ಜೊತೆಗೆ ಒಬ್ಬ ಇದ್ದ ಎಂಬುದು ನನಗೆ ನಿನ್ನೆ ಗೊತ್ತಾಯಿತು. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ, ಅಂದೆ ಎಂದು ಧನಪಾಲ ಹೇಳುತ್ತಾನೆ.

ಬಿಸಿಲು ಇಳಿಯುವ ಮೊದಲೇ ಸಿನಿಮಾದವರು ಹೊರಟರು. ಚೀಲದ ದೃಶ್ಯ ಹೋಗುತ್ತದೋ ಉಳಿಯುತ್ತದೋ ಸುಮನಾಗೂ ಗೊತ್ತಿಲ್ಲ. ಉಳಿದ ಜನ ಮನೆಗಳಿಗೆ ಹೋದರು. ನಾವಿಬ್ಬರೇ ಕಣದಲ್ಲಿ ಕೂತಿದ್ದೆವು. "ನಿನ್ನ ಹೂಂ ಕೇಳೋಕಾಗಲ್ಲ ಕಣೋ, ಎಮ್ಮೆ ಕರುಗೆ ಕೂಗ್ದಂಗೆ" ಅಂದ. ನಗಲು ಹೋದೆವು. ಇಬ್ಬರಿಗೂ ಆಗಲಿಲ್ಲ.

ಇವತ್ತು ಬೆಳಿಗ್ಗೆ ನಡೆದದ್ದನ್ನು ಹೇಳುವುದಕ್ಕೇ ಈ ಕಾಗದ.

ಧನಪಾಲನನ್ನು ನೋಡಲು ನಿಮ್ಮ ಕೇರಿಗೆ ಹೋದೆ. ತಿಮ್ಮೇಶನ ಜಗಲಿಯ ಮೇಲೆ ದೇವೀರಪ್ಪನವರು ಕೂತಿದ್ದರು. ಪೇಟ ಇಲ್ಲ, ಬರೀ ತಲೆ. ಊರಿನ ಹಿರಿಯರು ಎಂದು ಮೆರೆದ ಇಷ್ಟು ವರ್ಷದಲ್ಲಿ ಆ ಕೇರಿಯ ಮಣ್ಣು ಮೆಟ್ಟಿದವರಲ್ಲ. ಹಾಲು ಹಾಕಲು ಡೈರಿಗೆ ಹೊರಟಿದ್ದ ಜನ, ನಿನ್ನೆ ಎದ್ದು ಹೋದವರೇ, ಕ್ಯಾನು ಹಿಡಿದುಕೊಂಡು ಬೀದಿಯ ತಿರುವಿನಲ್ಲಿ ನಿಂತಿದ್ದರು. ಹತ್ತಿರ ಬರಲೂ ಇಲ್ಲ, ಹೋಗಲೂ ಇಲ್ಲ.

"ನಿನ್ನೆ ಜನದ ಗದ್ದಲದಾಗೆ ಸರಿಯಾಗಿ ಕೇಳಿಸ್ಲಿಲ್ಲ ಕಣಪ್ಪ" ಎಂದರು ದೇವೀರಪ್ಪನವರು. ಎದುರು ಸಾಲಿನಲ್ಲಿ ಕೂತಿದ್ದವರು. "ಆ ಬೀದಿಗೆ ಬಂದ ಅಂದ್ಯಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು."

ಧನಪಾಲ ನನ್ನ ಮುಖ ನೋಡಿದ. ಮೆಟ್ಟಿಲ ಮೇಲೆ ಕೂತುಕೊಂಡು ಅಲ್ಲಿಂದ ಹೇಳಿದ. ತಿಮ್ಮೇಶನ ಹೆಂಡತಿ ತ್ರಿವೇಣಿ ಎಲ್ಲರಿಗೂ ಕಾಫಿ ತಂದಳು. ದೇವೀರಪ್ಪನವರ ಮುಂದೆ ಲೋಟ ಹಿಡಿಯಲೋ ಬೇಡವೋ ಎಂದು ನಿಂತಳು. ಅವರೇ ಕೈ ಚಾಚಿ ತೆಗೆದುಕೊಂಡರು. ಕುಡಿಯಲಿಲ್ಲ, ಹಿಡಿದುಕೊಂಡೇ ಕೇಳಿದರು. ಒಳಗೆ ಯಾರೋ ಕೆಮ್ಮಿದರು ಎಂಬಲ್ಲಿಗೆ ಬಂದಾಗ ಕೈ ಎತ್ತಿ ತಡೆದರು.

"ಯಾರ ಮನೆ ಅದು?"

"ಹೆಸ್ರು ನಮ್ಮಪ್ಪ ಹೇಳ್ಲಿಲ್ಲ ಬುದ್ಧಿ."

ಅವರು ಬೀದಿಯ ತಿರುವಿನಲ್ಲಿ ನಿಂತವರ ಕಡೆ ನೋಡಿದರು. "ಗೊತ್ತಿರ್ತದೆ. ಹೇಳಿರಾಕಿಲ್ಲ ಕರಿಯಣ್ಣ" ಅಂದರು. ಆಮೇಲೆ, "ನನ್ನ ಬುದ್ಧಿ ಅನ್ಬ್ಯಾಡ, ನೀನು ರೈಲ್ವೆದಾಗಿದ್ದೋನು. ಮುಂದಕ್ಕೆ ಹೇಳು" ಅಂದರು.

ಮುಗಿಯುವ ಹೊತ್ತಿಗೆ ಕಾಫಿ ಆರಿಹೋಗಿತ್ತು. "ಬ್ಯಾರೆ ತರ್ತೀನಿ ತಡೀರಿ" ಅಂದಳು ತ್ರಿವೇಣಿ. ಬೇಡವೆಂದು ಆರಿದ್ದನ್ನೇ ಕುಡಿದರು. ಕುಡಿದಾದ ಮೇಲೆ ಲೋಟ ಕೆಳಗಿಡಲಿಲ್ಲ. ಜಗಲಿಯ ಅಂಚಿಗೆ ಸರಿದು, ಬದುಕಿದ್ದಷ್ಟು ಕಾಲ ಕರಿಯಣ್ಣ ನಮ್ಮ ನಮ್ಮ ಮನೆಗಳ ಮುಂದೆ ಕುಡಿದ ಲೋಟ ಹಿಡಿದು ನಿಂತು ಕೇಳುತ್ತಿದ್ದ ಹಾಗೆಯೇ ಕೇಳಿದರು:

"ಒಂಚೂರು ನೀರು ಹಾಕವ್ವ, ಲೋಟ ತೊಳ್ದಿಡ್ತೀನಿ."

ತ್ರಿವೇಣಿ ನೀರು ಹಾಕಲಿಲ್ಲ. ಅವರ ಕೈಯಿಂದ ಲೋಟ ಈಸಿಕೊಂಡು ಒಳಗೆ ಹೋದಳು.

ನಿಮ್ಮ ಹುಡುಗ,
ರುದ್ರಮೂರ್ತಿ